ಜೀಪಿನ ಪ್ರಾಣವಾಯು

ಛಾಂದೋಗ್ಯೋಪನಿಷತ್ತಿನಲ್ಲಿ ಇಂದ್ರಿಯಗಳ ವ್ಯಾಜ್ಯವೊಂದುಂಟು. ತಮ್ಮಲ್ಲಿ ಶ್ರೇಷ್ಠರಾರೆಂದು ವಾಕ್ಕು, ಕಣ್ಣು, ಕಿವಿ, ಮನಸ್ಸು, ಪ್ರಾಣ ಇವು ಜಗಳವಾಡಿ ಪ್ರಜಾಪತಿಯ ಬಳಿಗೆ ಹೋದುವಂತೆ. ಯಾರು ಹೊರಟುಹೋದರೆ ಶರೀರವು ಎಲ್ಲಕ್ಕಿಂತ ಹೀನವಾಗಿ ಕಾಣುವುದೋ ಅವರೇ ಶ್ರೇಷ್ಠರೆಂದು ಆತನು ತೀರ್ಪು ಹೇಳಿದನು. ವಾಕ್ಕು ಒಂದು ವರ್ಷ ಹೊರಗೆ ಹೋಗಿ ಬಂದಿತು. ಶರೀರವು ಮೂಗನಂತೆ ಬದುಕಿತ್ತು. ಕಣ್ಣು ಹೋಗಿ ಬಂದಿತು, ಕುರುಡನಂತೆ ಬದುಕಿತ್ತು. ಕಿವಿ ಹೋದಾಗ ಕಿವುಡನಂತೆ, ಮನಸ್ಸು ಹೋದಾಗ ಹಸುಗೂಸಿನಂತೆ, ಹೇಗೋ ಬದುಕಿಯೇ ಇತ್ತು. ಕಡೆಗೆ ಪ್ರಾಣವು ಹೊರಡಲನುವಾಯಿತು. ಜಾತಿಯ ಕುದುರೆಯೊಂದು ತನ್ನನ್ನು ಕಟ್ಟಿದ ಗೂಟಗಳನ್ನು ಕಿತ್ತೆಳೆಯುವಂತೆ ಅದು ಉಳಿದ ಎಲ್ಲವನ್ನೂ ಬುಡಸಹಿತ ಅಲುಗಿಸಿತು. ವ್ಯಾಜ್ಯವು ಅಲ್ಲಿಗೆ ಮುಗಿಯಿತು.

ಉಪನಿಷತ್ತಿನ ಕಾಲದವರು ಕನಸಿನಲ್ಲಿಯೂ ಕಾಣದಿದ್ದ ಒಂದು ವಾಹನದಲ್ಲಿ ಈ ವ್ಯಾಜ್ಯವು ಮತ್ತೊಮ್ಮೆ ನಡೆಯಿತು. ಬಳ್ಳಾರಿ ಜಿಲ್ಲೆಯ ಸಂಡೂರಿನ ಕಡೆಯಲ್ಲಿ ಡೀಸೆಲ್ ಜೀಪೊಂದಿತ್ತು. ಅದರ ಯಜಮಾನನನ್ನು ಊರವರು ಜೀಪು ತಾತನೆಂದೇ ಕರೆಯುತ್ತಿದ್ದರು. ಆ ಜೀಪಿನ ವಾಕ್ಕಾದ ಹಾರನ್ನು ಎಂದೋ ಹೋಗಿತ್ತು. ತಾತನು ತಲೆಯನ್ನು ಹೊರಗೆ ಹಾಕಿ ಕೂಗಿಯೇ ದಾರಿ ಬಿಡಿಸಿಕೊಳ್ಳುತ್ತಿದ್ದನು. ಕಣ್ಣುಗಳಲ್ಲಿ ಒಂದು ಕುರುಡು. ವೇಗವನ್ನು ತೋರಿಸುವ ಮುಳ್ಳು ಹಗಲೂ ರಾತ್ರಿಯೂ ಸೊನ್ನೆಯ ಮೇಲೆ ಮಲಗಿರುತ್ತಿತ್ತು. ಸೆಲ್ಫು ಕೆಟ್ಟು, ನಾಲ್ವರು ಹಿಂದಿನಿಂದ ನೂಕಬೇಕಾಗಿ ಬಂದ ಕಾಲವೂ ಇತ್ತು. ಆದರೂ ಅದು ಓಡುತ್ತಿತ್ತು. ಡೀಸೆಲ್ ಇಂಜಿನಿನ ಸ್ವಭಾವವೇ ಹಾಗೆ. ಒಮ್ಮೆ ಹೊತ್ತಿಕೊಂಡ ಮೇಲೆ ಅದಕ್ಕೆ ವಿದ್ಯುತ್ತಿನ ಹಂಗೂ ಬೇಕಿಲ್ಲ. ಗಾಳಿ ಬೇಕು, ಎಣ್ಣೆ ಬೇಕು, ಅಷ್ಟೆ. ಆ ಗಾಳಿಯೇ ಒಂದು ದಿನ ಮುನಿಸಿಕೊಂಡಿತು.

ಸಂಡೂರಿನ ಧೂಳನ್ನು ಕಂಡವರಿಗೆ ಈ ಮುನಿಸಿನ ಕಾರಣವನ್ನು ವಿವರಿಸಬೇಕಾದುದಿಲ್ಲ. ಅಲ್ಲಿಯ ಬೆಟ್ಟಗಳ ಒಡಲಲ್ಲಿರುವುದು ಕಬ್ಬಿಣದ ಅದಿರು; ಪುಡಿಯಾದರೆ ಅಪ್ಪಟ ಕೆಂಪು. ಸಂನ್ಯಾಸಿಗಳ ವಸ್ತ್ರಕ್ಕೆ ಬಣ್ಣ ಕೊಡುವ ಕಾವಿಯಲ್ಲಿರುವುದೂ ಇದೇ ದ್ರವ್ಯವೇ. 2008ರಲ್ಲಿ ಬೀಜಿಂಗ್ ನಗರದಲ್ಲಿ ನಡೆದ ಒಲಿಂಪಿಕ್ ಪಂದ್ಯಗಳಿಗೆ ಮುಂಚಿನ ವರ್ಷಗಳಲ್ಲಿ ಚೀನಾ ದೇಶವು ಕಬ್ಬಿಣಕ್ಕಾಗಿ ಬಾಯಿ ತೆರೆದಾಗ, ತೋರಣಗಲ್ಲು, ಹೊಸಪೇಟೆಗಳ ದಾರಿಯಲ್ಲಿ ಅದಿರು ಲಾರಿಗಳ ಸಾಲು ಹಗಲಿರುಳೆನ್ನದೆ ಹರಿಯಿತು. ರಸ್ತೆ ಕೆಂಪಾಯಿತು, ರಸ್ತೆಯ ಪಕ್ಕದ ಬೇವು, ಹುಣಿಸೆ, ಜೋಳದ ತೆನೆ, ಎಮ್ಮೆಯ ಬೆನ್ನು, ಒಣಹಾಕಿದ ಸೀರೆ ಎಲ್ಲವೂ ಕೆಂಪಾದುವು. ವೈರಾಗ್ಯದ ಲೇಶವೂ ಇಲ್ಲದವರ ನಡುವೆ ಸೀಮೆಗೆ ಸೀಮೆಯೇ ಸಂನ್ಯಾಸವನ್ನು ಸ್ವೀಕರಿಸಿದಂತೆ ತೋರುತ್ತಿತ್ತು. ತಾತನ ಜೀಪು ಆ ಕಾಲದಲ್ಲಿ ಗಣಿಯ ಆಳುಗಳನ್ನು ಏರಿಸಿ ಇಳಿಸುತ್ತ ನಾಲ್ಕು ಕಾಸು ಸಂಪಾದಿಸಿತು. ಕಾಸಿನ ಸಂಗಡ ಧೂಳನ್ನೂ ಸಂಪಾದಿಸಿತು.

2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಬೆಟ್ಟಗಳಿಗೆ ವಿಶ್ರಾಂತಿ ದೊರೆಯಿತು. ಅವುಗಳನ್ನು ನಂಬಿದ ಕೂಲಿಯವರಿಗೆ ಉಪವಾಸ ದೊರೆಯಿತು. ಜೀಪು ಮನೆಯ ಮಗ್ಗುಲಲ್ಲಿ ಹುಣಿಸೆಯ ಮರದ ಕೆಳಗೆ ಎರಡು ಬೇಸಗೆಗಳನ್ನು ಕಳೆಯಿತು. 2013ರಲ್ಲಿ ಕೆಲವು ಗಣಿಗಳಿಗೆ ಕಟ್ಟುನಿಟ್ಟಾದ ನಿಯಮಗಳೊಡನೆ ಮತ್ತೆ ಅನುಮತಿ ದೊರೆತಾಗ, ತಾತನ ಮಗನು ಹೊಸ ಬ್ಯಾಟರಿಯನ್ನು ಹಾಕಿಸಿ ಜೀಪನ್ನು ಹೊರಕ್ಕೆ ತೆಗೆದನು.

ಸಮತಟ್ಟಿನಲ್ಲಿ ಅದು ಹೇಗೋ ನಡೆಯಿತು. ಕುಮಾರಸ್ವಾಮಿಯ ಗುಡಿಗೆ ಏರುವ ದಾರಿಯಲ್ಲಿ ಮೊದಲನೆಯ ತಿರುವು ಕಳೆಯುವುದರೊಳಗೆ ಅದರ ಶಕ್ತಿ ಉಡುಗಿತು. ಕಾಲನ್ನು ಒತ್ತಿದಷ್ಟೂ ಸೈಲೆನ್ಸರಿನಿಂದ ಕಾಡಿಗೆಯಂಥ ಹೊಗೆ ಹೊರಟಿತೇ ಹೊರತು ಚಕ್ರಕ್ಕೆ ಬಲ ಬರಲಿಲ್ಲ. ಯಾತ್ರಿಕರು ಇಳಿದು ನಡೆದರು. ಕೆಲವರು ಕೊಟ್ಟ ಬಾಡಿಗೆಯನ್ನು ಹಿಂದಕ್ಕೆ ಕೇಳಿದರು. ಪಟ್ಟಣದ ಮೇಸ್ತ್ರಿಯೊಬ್ಬನು ಬಾನೆಟ್ಟನ್ನು ಎತ್ತಿ, ಹೊಗೆಯನ್ನು ಮೂಸಿ, ಕೈ ಒರೆಸಿಕೊಳ್ಳುತ್ತ ತನ್ನ ತೀರ್ಮಾನವನ್ನು ಹೇಳಿದನು: “ತಾತಾ, ಇಂಜಿನ್ ಬಿಚ್ಚಬೇಕು. ಸ್ಲೀವು, ಪಿಸ್ಟನ್ನು, ರಿಂಗು ಎಲ್ಲ ಹೋಗ್ಯಾವ. ನಾಜಿಲ್ಲಿನ ಕೆಲಸಾನೂ ಐತಿ.” ವೆಚ್ಚ 45,000 ರೂಪಾಯಿ. ಗುಜರಿಯವನು ಆ ಜೀಪಿಗೆ ಕಟ್ಟಿದ್ದ ಬೆಲೆ 40,000.

ಲೆಕ್ಕ ಬಲ್ಲ ಮಗನಿಗೆ ಇಷ್ಟು ಸಾಕಾಯಿತು. ಅವನಿಗೆ ಹೊಸಪೇಟೆಯಲ್ಲಿ ಆಟೋರಿಕ್ಷಾ ಓಡಿಸಬೇಕೆಂಬ ಆಸೆ ಬಹುಕಾಲದಿಂದ ಇತ್ತು. ಅದರ ಮುಂಗಡಕ್ಕೆ ಗುಜರಿಯ ಹಣ ಒದಗುತ್ತಿತ್ತು. ಗುಜರಿಯವನು ಮಂಗಳವಾರ ಬರುವನೆಂದು ಗೊತ್ತಾಯಿತು. ಭಾನುವಾರ ರಾತ್ರಿ ತಂದೆಮಕ್ಕಳ ನಡುವೆ ನಡೆದ ಮಾತು ಬಹಳವೇನಲ್ಲ.

“ಅಪ್ಪಾ, ಕೊಟ್ಟುಬಿಡಾಣ. ಅದರ ಜೀವ ಹೋಗೇತಿ.”

“ಜೀವ ಹೋಗಿಲ್ಲ ತಮ್ಮಾ, ಉಸುರು ಕಟ್ಟೇತಿ. ನಾಳೆ ಒಂದಿನ ಬಿಡು.”

ಉಸಿರೆಂಬ ಮಾತನ್ನು ತಾತನು ಅಲಂಕಾರಕ್ಕಾಗಿ ಆಡಿದ್ದಲ್ಲ. ರೂಡಾಲ್ಫ್ ಡೀಸೆಲ್ ಎಂಬ ಜರ್ಮನಿಯ ಯಂತ್ರಜ್ಞನು 1897ರಲ್ಲಿ ನಡೆಯಿಸಿ ತೋರಿಸಿದ ಈ ಜಾತಿಯ ಇಂಜಿನಿನಲ್ಲಿ, ಕೊಳವೆಯೊಳಕ್ಕೆ ಮೊದಲು ಬರುವುದು ಬರಿಯ ಗಾಳಿ. ಪಿಸ್ಟನ್ನು ಕೆಳಕ್ಕಿಳಿದು ಗಾಳಿಯನ್ನು ಎಳೆದುಕೊಳ್ಳುವುದು; ಮೇಲಕ್ಕೇರಿ ಅದನ್ನು ಅದರ ಗಾತ್ರದ ಸುಮಾರು ಇಪ್ಪತ್ತನೆಯ ಒಂದು ಪಾಲಿಗೆ ಅದುಮುವುದು. ಹಾಗೆ ಅದುಮಿದ ಗಾಳಿ ತಾನಾಗಿ ಕಾದು ಕೆಂಡದಂತಾದಾಗ ಡೀಸೆಲ್ ಎಣ್ಣೆಯ ತುಂತುರು ಅದರ ಮೇಲೆ ಬೀಳುವುದು. ಕಿಡಿಯ ಸಹಾಯವಿಲ್ಲದೆ ಹತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ತಳ್ಳುವುದು. ಮತ್ತೆ ಮೇಲಕ್ಕೆ ಬರುವ ಪಿಸ್ಟನ್ನು ಹೊಗೆಯನ್ನು ಹೊರಕ್ಕೆ ನೂಕುವುದು. ಪೂರಕ, ಕುಂಭಕ, ರೇಚಕ ಎಂಬ ಮೂರು ಮಾತುಗಳನ್ನು ಬಲ್ಲವರಿಗೆ ಇದರಲ್ಲಿ ಹೊಸದಾಗಿ ಕಲಿಯತಕ್ಕದ್ದು ಬಹಳವಿಲ್ಲ; ಕುಂಭಕದ ನಡುವೆ ಬೆಂಕಿ ಹತ್ತುವುದೊಂದೇ ವಿಶೇಷ.

ಇನ್ನೊಂದು ಚಮತ್ಕಾರವುಂಟು. ಮನುಷ್ಯನು ಒಂದು ಅಹೋರಾತ್ರಿಯಲ್ಲಿ 21,600 ಸಲ ಉಸಿರಾಡುವನೆಂದು ನಮ್ಮ ಯೋಗಶಾಸ್ತ್ರಜ್ಞರ ಲೆಕ್ಕ. ನಿಮಿಷಕ್ಕೆ 15 ಆಯಿತು. ಇಂದಿನ ವೈದ್ಯರ ಎಣಿಕೆಯೂ ಇದಕ್ಕೆ ದೂರವಾದುದಲ್ಲ. ಸುಮ್ಮನೆ ಕುಳಿತವನ ಒಂದು ಉಸಿರಿನಲ್ಲಿ ಹಿಡಿಯುವ ಗಾಳಿ ಸುಮಾರು ಅರ್ಧ ಲೀಟರು. ತಾತನ ಜೀಪಿನ ಇಂಜಿನು ಎರಡು ಲೀಟರಿಗೆ ತುಸು ಮೇಲ್ಪಟ್ಟದ್ದು. ಅದಕ್ಕೆ ನಾಲ್ಕು ಕೊಳವೆಗಳು. ಎಂದಮೇಲೆ ಒಂದೊಂದು ಕೊಳವೆಯ ಉಸಿರೂ ಒಬ್ಬ ಮನುಷ್ಯನ ಉಸಿರಿನಷ್ಟೇ. ಆದರೆ ವೇಗವೆಷ್ಟು? ಇಂಜಿನು ನಿಮಿಷಕ್ಕೆ 3,000 ಸುತ್ತು ಸುತ್ತುವಾಗ ಎರಡು ಸುತ್ತಿಗೊಂದು ಉಸಿರಿನಂತೆ ಪ್ರತಿಯೊಂದು ಕೊಳವೆ 1,500 ಸಲ, ನಾಲ್ಕೂ ಸೇರಿ 6,000 ಸಲ ಉಸಿರೆಳೆಯುವುವು. ಮನುಷ್ಯನು ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿಸುವ ಅಜಪಾಜಪವನ್ನು ಇಂಜಿನು ನಾಲ್ಕು ನಿಮಿಷಗಳೊಳಗೆ ಮುಗಿಸಿಬಿಡುವುದು! ನಿಮಿಷ ನಿಮಿಷಕ್ಕೂ ಅದಕ್ಕೆ ಸುಮಾರು 3,000 ಲೀಟರು ಗಾಳಿ ಬೇಕು. ಕಾಲಿನಿಂದ ಒತ್ತುವುದು ಡೀಸೆಲನ್ನು ಮಾತ್ರ; ಗಾಳಿಯನ್ನು ಇಂಜಿನು ತಾನೇ ಎಳೆದುಕೊಳ್ಳಬೇಕು. ದಾರಿ ಕಟ್ಟಿದ್ದರೆ ಡೀಸೆಲು ಬರುವಷ್ಟು ಬಂದು, ಗಾಳಿ ಸಾಲದೆ, ಅದು ಅರೆಬೆಂದು ಮಸಿಯಾಗಿ ಹೊರಬೀಳುವುದು. ಮೇಸ್ತ್ರಿಯು ಮೂಸಿದ ಕರಿಹೊಗೆ ಇದೇ.

ಮೇಸ್ತ್ರಿಯನ್ನು ಮೋಸಗಾರನೆನ್ನಲಾಗದು. ಸವೆದ ಇಂಜಿನೂ ಕೆಟ್ಟ ನಾಜಿಲ್ಲೂ ಹೊಗೆ ಉಗುಳುವುದುಂಟು. ಆದರೆ ನೆಗಡಿಯಿಂದ ಮೂಗು ಕಟ್ಟಿದವನ ಎದೆಯನ್ನು ಸೀಳಲು ಹೊರಡುವ ವೈದ್ಯರು ಎಲ್ಲ ವಿದ್ಯೆಗಳಲ್ಲಿಯೂ ಇರುವರು; ಸೀಳುವುದರಲ್ಲಿ ಆದಾಯ ಹೆಚ್ಚು.

ತಾತನು ಹದಿನೈದನೆಯ ವಯಸ್ಸಿನಲ್ಲಿ ಲಾರಿಯೊಂದಕ್ಕೆ ಕ್ಲೀನರಾಗಿ ಸೇರಿದವನು. ಲಾರಿಯಲ್ಲಿ ಕ್ಲೀನರೆಂಬ ಹೆಸರಿನವರು ಇಬ್ಬರು: ಹಿಂದೆ ನಿಂತು ಕೂಗುವ ಹುಡುಗನೊಬ್ಬ, ಬಾನೆಟ್ಟಿನ ಒಳಗಿನ ಏರ್ ಕ್ಲೀನರೆಂಬ ಡಬ್ಬಿಯೊಂದು. ಎರಡನೆಯವನ ಹೊಟ್ಟೆಯನ್ನು ತೊಳೆಯುವುದೇ ಮೊದಲನೆಯವನ ಮೊದಲ ಪಾಠ. ಆ ಪಾಠವನ್ನು ಹೇಳಿಕೊಟ್ಟ ಉಸ್ತಾದನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ದುಡಿದವನು. ಪೆಟ್ರೋಲಿಗೆ ರೇಷನ್ನು ಬಂದ ಆ ದಿನಗಳಲ್ಲಿ ಬಸ್ಸುಗಳಿಗೆ ಹಂಡೆಯಂಥ ಒಲೆಯೊಂದನ್ನು ಕಟ್ಟಿ, ಇದ್ದಿಲನ್ನು ಉರಿಸಿ, ಅದರ ಗ್ಯಾಸಿನಿಂದ ಇಂಜಿನನ್ನು ನಡೆಯಿಸುತ್ತಿದ್ದರು. ಗ್ಯಾಸಿನ ಜೊತೆಯಲ್ಲಿ ಬೂದಿಯೂ ಟಾರೂ ಬಂದು ದಾರಿಯನ್ನು ಕಟ್ಟುತ್ತಿದ್ದುವು. ಶೋಧಿಸುವ ಪದರಗಳನ್ನು ಎಷ್ಟು ತೊಳೆದರೂ ಮುಗಿಯದು. ಹಾಗೆ ಬೆಳೆದ ಉಸ್ತಾದನಿಗೆ ಇಂಜಿನಿನ ಯಾವ ರೋಗಕ್ಕಾದರೂ ಮೊದಲು ಮೂಗನ್ನು ನೋಡುವ ಅಭ್ಯಾಸವಾಗಿತ್ತು. ಶಿಷ್ಯನಿಗೂ ಅದೇ ಬಂದಿತು.

ಸೋಮವಾರ ಬೆಳಗ್ಗೆ ಹೆಂಡತಿಯು ಅಂಗಳವನ್ನು ಗುಡಿಸಿ ಸಗಣಿನೀರು ಚಿಮುಕಿಸಿದ್ದಳು, ಧೂಳು ಅಡಗಿತ್ತು. ತಾತನು ಏರ್ ಕ್ಲೀನರಿನಿಂದ ಇಂಜಿನಿಗೆ ಹೋಗುವ ರಬ್ಬರು ಕೊಳವೆಯನ್ನು ಇಂಜಿನಿನ ಕಡೆಯಲ್ಲಿ ಕಳಚಿ, ಎಲೆ ಕಸಕಡ್ಡಿ ಹತ್ತಿರವಿಲ್ಲವೆಂದು ನೋಡಿಕೊಂಡು, ಇಂಜಿನನ್ನು ಹೊತ್ತಿಸಲು ಮಗನಿಗೆ ಹೇಳಿದನು. ಕಾಲು ಒತ್ತಿದೊಡನೆ ಜೀಪು ಬಹಳ ದಿನಗಳಿಂದ ಕೇಳದಿದ್ದ ದನಿಯಲ್ಲಿ ಗುಡುಗಿತು. ಹೊಗೆ ಎರಡು ಗಳಿಗೆಯಲ್ಲಿ ತಿಳಿಯಾಯಿತು. ತಾತನು ಕೈ ಎತ್ತಿ ನಿಲ್ಲಿಸಲು ಸನ್ನೆ ಮಾಡಿದನು. ಪರೀಕ್ಷೆಗಾಗಿ ನಾಲ್ಕು ಕ್ಷಣ ಹೀಗೆ ಮಾಡಬಹುದೇ ಹೊರತು, ಕ್ಲೀನರಿಲ್ಲದೆ ಗಾಡಿಯನ್ನು ಓಡಿಸತಕ್ಕದ್ದಲ್ಲ. ಧೂಳಿನಲ್ಲಿ ಮರಳಿನ ಕಣಗಳಿರುವುವು. ಅವು ಪಿಸ್ಟನ್ನಿನ ಮಗ್ಗುಲನ್ನು ಸೇರಿದರೆ ಉಜ್ಜುಕಾಗದದಂತೆ ತೇಯುವುವು. ಮೋಟಾರಿನ ಆದಿಕಾಲದಲ್ಲಿ ಗಾಡಿಗಳಿಗೆ ಈ ಶೋಧಕವೇ ಇಲ್ಲದೆ, ಮಣ್ಣುರಸ್ತೆಗಳಲ್ಲಿ ಇಂಜಿನುಗಳು ಅಲ್ಪಾಯುಗಳಾಗುತ್ತಿದ್ದುವು.

ಆ ಜೀಪಿನ ಶೋಧಕವು ಎಣ್ಣೆಬಟ್ಟಲಿನ ಜಾತಿಯದು. ಅದರ ರಚನೆ ಸರಳ, ಸರಳವಾದುದರಿಂದಲೇ ಮೆಚ್ಚತಕ್ಕದ್ದು. ಡಬ್ಬಿಯ ತಳದಲ್ಲಿ ಒಂದು ಬಟ್ಟಲು, ಅದರಲ್ಲಿ ಇಂಜಿನ್ ಆಯಿಲು. ಮೇಲಿನಿಂದ ರಭಸವಾಗಿ ಬಂದ ಗಾಳಿ ಎಣ್ಣೆಯ ಮೈಗೆ ತಾಗುವಂತೆ ಇಳಿದು, ತಟ್ಟನೆ ಹಿಂದಿರುಗಿ ಮೇಲಕ್ಕೆ ಹೋಗಬೇಕು. ಹಗುರಾದ ಗಾಳಿ ತಿರುಗುವುದು. ಭಾರವಾದ ಧೂಳು ತಿರುಗಲಾರದೆ ಎಣ್ಣೆಯಲ್ಲಿ ಮುಳುಗುವುದು. ತಪ್ಪಿಸಿಕೊಂಡ ನುಣುಪು ಧೂಳನ್ನು ಮೇಲಿರುವ ತಂತಿಜಾಳಿಗೆಯ ಜಿಡ್ಡು ಹಿಡಿದುಕೊಳ್ಳುವುದು. ಮನುಷ್ಯನ ಮೂಗಿನಲ್ಲಿ ಇರುವುದೂ ಇದೇ ಯುಕ್ತಿ. ಅಲ್ಲಿಯೂ ರೋಮಗಳ ಜಾಳಿಗೆ, ಗಾಳಿಯನ್ನು ಅಂಕುಡೊಂಕಾಗಿ ತಿರುಗಿಸುವ ಓಣಿ, ಎಣ್ಣೆಯ ಬದಲು ಲೋಳೆ. ಆದರೆ ಕೂದಲೆಳೆಯ ಹತ್ತರಲ್ಲೊಂದು ಪಾಲಿಗಿಂತ ಸಣ್ಣ ಧೂಳು ಮೂಗನ್ನೂ ಗಂಟಲನ್ನೂ ವಂಚಿಸಿ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಅಲ್ಲಿಂದ ಅದನ್ನು ಡೀಸೆಲಿನಲ್ಲಿ ತೊಳೆದು ತೆಗೆಯುವಂತಿಲ್ಲ. ಅದಿರಿನ ದಾರಿಯ ಪಕ್ಕದ ಗುಡಿಸಲುಗಳಲ್ಲಿ ರಾತ್ರಿಯೆಲ್ಲ ಕೇಳಿಬರುತ್ತಿದ್ದ ಕೆಮ್ಮಿನ ಲೆಕ್ಕವನ್ನು ಟನ್ನುಗಳ ಲೆಕ್ಕ ಇಟ್ಟವರು ಇಟ್ಟಂತೆ ತೋರಲಿಲ್ಲ. ತಾತನೂ ಬಟ್ಟಲಿನ ಕ್ಲಿಪ್ಪನ್ನು ಬಿಚ್ಚುವುದಕ್ಕೆ ಮೊದಲು ಒಂದೆರಡು ನಿಮಿಷ ಕೆಮ್ಮಬೇಕಾಯಿತು.

ಬಟ್ಟಲನ್ನು ಕೆಳಕ್ಕಿಳಿಸಿ ನೋಡಿದರೆ ಅಲ್ಲಿ ಎಣ್ಣೆಯೆಂಬುದೇ ಇರಲಿಲ್ಲ. ಕೆಂಪು ಧೂಳು ಎಣ್ಣೆಯನ್ನು ಕುಡಿದು, ಎರಡು ಬೇಸಗೆಗಳಲ್ಲಿ ಒಣಗಿ, ಇಟ್ಟಿಗೆಯ ತುಂಡಿನಂತೆ ಗಟ್ಟಿಯಾಗಿ ಕುಳಿತಿತ್ತು. ತಾತನು ಸ್ಕ್ರೂಡ್ರೈವರಿನಿಂದ ಅದನ್ನು ಎಬ್ಬಿಸಿ ಅಂಗಳದಲ್ಲಿ ಬೋರಲು ಹಾಕಿದನು. ಬಟ್ಟಲಿನ ಅಚ್ಚು ಹಾಗೆಯೇ ಬಿದ್ದಿತು. ಅದರ ತೂಕವನ್ನು ಕೈಯಲ್ಲಿ ನೋಡಿ, “ಇದನ್ನೂ ಲೋಡಿಗೆ ಹಾಕಿದ್ದರ ಚೀನಾಕ್ಕ ಹೋಗ್ತಿತ್ತು” ಎಂದನು. ಮಗನು ನಗಲಿಲ್ಲ.

ಡಬ್ಬಿಯ ಮೂತಿಯಲ್ಲಿ ಇನ್ನೊಂದು ಆಶ್ಚರ್ಯವು ಕಾದಿತ್ತು. ಬೆರಳು ಹಾಕಿದರೆ ಮಣ್ಣಿನ ಗೋಡೆ! ಜೀಪು ನಿದ್ರಿಸುತ್ತಿದ್ದಾಗ ಕುಂಬಾರ ಹುಳುವೊಂದು ಅಲ್ಲಿ ಸಂಸಾರ ಹೂಡಿತ್ತು. ಆ ಹುಳು ಮಣ್ಣಿನ ಉಂಡೆಗಳನ್ನು ಬಾಯಲ್ಲಿ ತಂದು ಗೂಡನ್ನು ಕಟ್ಟಿ, ಮೊಟ್ಟೆಯೊಂದನ್ನಿಟ್ಟು, ಕಂಬಳಿಹುಳುವನ್ನು ಕುಟುಕಿ ಮರಗಟ್ಟಿಸಿ ಒಳಗೆ ಸೇರಿಸಿ ಬಾಯಿ ಮುಚ್ಚುವುದು. ಮರಿಯು ಆ ಹುಳುವನ್ನು ತಿಂದು ಬೆಳೆದು ರೆಕ್ಕೆ ಮೂಡಿ ಹೊರಡುವುದು. ಒಳಕ್ಕೆ ಹೋದುದು ಕೀಟ, ಹೊರಕ್ಕೆ ಬಂದುದು ಭ್ರಮರ. ನಡುವಿನ ಊಟವನ್ನು ಕಾಣದ ಪೂರ್ವಿಕರು ಧ್ಯಾನಬಲದಿಂದ ಕೀಟವೇ ಭ್ರಮರವಾಯಿತೆಂದು ಭಾವಿಸಿ ಭ್ರಮರಕೀಟನ್ಯಾಯವೆಂಬ ದೃಷ್ಟಾಂತವನ್ನು ಕೊಟ್ಟರು. ದೃಷ್ಟಾಂತವು ಚೆನ್ನಾಗಿಯೇ ಇದೆ. ವೇದಾಂತಕ್ಕೆ ಅದರಿಂದ ಕುಂದೇನೂ ಇಲ್ಲ. ಆದರೆ ಗಾಳಿಯ ದಾರಿಯಲ್ಲಿ ಅಂಥ ಮೂರು ಗೂಡುಗಳು ಒತ್ತಾಗಿ ಕುಳಿತರೆ ಜೀಪು ಯಾವ ಧ್ಯಾನದಿಂದಲೂ ಬೆಟ್ಟವನ್ನು ಏರಲಾರದು. ತಾತನು ಅವುಗಳನ್ನು ಒಳಕ್ಕೆ ತಳ್ಳದೆ, ತಂತಿಯ ಕೊಕ್ಕೆಯಿಂದ ಚೂರುಚೂರಾಗಿ ಹೊರಕ್ಕೇ ಎಳೆದು ತೆಗೆದನು. ಅವಸರದವರು ಹವಾ ಹೊಡೆದು ಒಳಕ್ಕೆ ನೂಕುವರು. ಹೊರಗಿನ ಶತ್ರುವನ್ನು ಅಂತಃಪುರಕ್ಕೆ ಅಟ್ಟಿದಂತೆ. ಇಲಿಗಳು ತೆಂಗಿನ ನಾರನ್ನೂ ಶೇಂಗಾದ ಸಿಪ್ಪೆಯನ್ನೂ ತುಂಬಿದ ಮೂತಿಗಳನ್ನು ಕಂಡವರೂ ಉಂಟು. ಅಲ್ಲಿಯೂ ಇದೇ ಕ್ರಮ.

ಜಾಳಿಗೆಯನ್ನು ಡೀಸೆಲಿನಲ್ಲಿ ಮುಳುಗಿಸಿ ಅಲುಗಿಸಿ, ಕೆಂಪು ಕಳೆಯುವವರೆಗೆ ನಾಲ್ಕು ನೀರು—ಎಂದರೆ ನಾಲ್ಕು ಡೀಸೆಲು—ತೊಳೆದು, ಹುಣಿಸೆಯ ಕೊಂಬೆಗೆ ತೂಗಹಾಕಿದ್ದಾಯಿತು. ಅದು ಸೋರುವವರೆಗೆ ತಾತನು ರಬ್ಬರು ಕೊಳವೆಯನ್ನು ಬಿಸಿಲಿಗೆ ಹಿಡಿದು, ಬಗ್ಗಿಸಿ, ಹಿಗ್ಗಿಸಿ, ಬಿರುಕಿದೆಯೇ ಎಂದು ಅಂಗುಲ ಅಂಗುಲವಾಗಿ ನೋಡಿದನು. ಕಟ್ಟಿದ ಶೋಧಕಕ್ಕಿಂತ ಬಿರಿದ ಕೊಳವೆ ಕೇಡು. ಕಟ್ಟಿದ್ದು ಹೊಗೆಯುಗುಳಿ ತನ್ನ ರೋಗವನ್ನು ಸಾರುವುದು. ಬಿರಿದದ್ದು ಶೋಧಿಸದ ಧೂಳನ್ನು ಸದ್ದಿಲ್ಲದೆ ಒಳಕ್ಕೆ ಬಿಟ್ಟು ಇಂಜಿನನ್ನು ತಿನ್ನುವುದು.

ಈಗಿನ ಕಾರುಗಳಲ್ಲಿ ಎಣ್ಣೆಯ ಬಟ್ಟಲಿಲ್ಲ. ಮಡಿಕೆ ಮಡಿಕೆಯಾಗಿ ಜೋಡಿಸಿದ ಕಾಗದದ ಶೋಧಕ. ಅದನ್ನು ನೀರಿನಲ್ಲಿ ತೊಳೆಯುವುದಾಗಲಿ ಕಲ್ಲಿಗೆ ಕುಟ್ಟುವುದಾಗಲಿ ಕೂಡದು. ಬೆಳಕಿಗೆ ಹಿಡಿದು ನೋಡಿ, ಬೆಳಕು ಬಾರದಿದ್ದರೆ ಬದಲಾಯಿಸುವುದೇ ಸರಿ. ಶೋಧಕವು ಕಟ್ಟಿದರೆ ಪೆಟ್ರೋಲು ಹೆಚ್ಚು ಸುಡುವುದೆಂಬ ಮಾತು ಹಳೆಯ ಕಾರ್ಬೊರೇಟರಿನ ಗಾಡಿಗಳಿಗೆ ಸಲ್ಲುವುದು. ಒಳಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲನ್ನು ಬಿಡುವ ಹೊಸ ಗಾಡಿಗಳಲ್ಲಿ ಹಾಗಿಲ್ಲವೆಂದು ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಶಾಲೆಯವರು 2009ರಲ್ಲಿ ಪರೀಕ್ಷಿಸಿ ಪ್ರಕಟಿಸಿರುವರು. ಅವುಗಳಲ್ಲಿ ಕುಗ್ಗುವುದು ಓಟದ ಚುರುಕು ಮಾತ್ರ. ತಾತನ ಜೀಪಿಗೆ ಈ ನಾಜೂಕುಗಳಾವುವೂ ತಿಳಿಯವು.

ಮಧ್ಯಾಹ್ನದ ವೇಳೆಗೆ ಜಾಳಿಗೆ ಸೋರಿ ಸಿದ್ಧವಾಯಿತು. ಒಂದು ಲೀಟರಿನ ಹೊಸ ಆಯಿಲಿನ ಡಬ್ಬವನ್ನು ಮಗನು ತಂದಿದ್ದನು. “ಗೆರೀತನಕ ಹಾಕಿ ಜೋಡಿಸು, ನಾ ಉಂಡು ಬರ್ತೀನಿ” ಎಂದು ಹೇಳಿ ತಾತನು ಪಡಸಾಲೆಯಲ್ಲಿ ಊಟಕ್ಕೆ ಕುಳಿತನು.

ಬಟ್ಟಲಿನ ಒಳಮೈಯಲ್ಲಿ ಎಣ್ಣೆಯ ಮಟ್ಟವನ್ನು ತೋರಿಸುವ ಗೆರೆಯೊಂದಿರುವುದು. ಮಗನು ಗೆರೆಯವರೆಗೆ ಹಾಕಿದನು. ಡಬ್ಬದಲ್ಲಿ ಇನ್ನೂ ಎಣ್ಣೆ ಉಳಿಯಿತು. ಮುಂಜಾನೆಯಿಂದ ಆ ಇಟ್ಟಿಗೆಯನ್ನೂ ಆ ಮಣ್ಣಿನ ಗೂಡುಗಳನ್ನೂ ನೋಡಿದ್ದ ಅವನ ಮನಸ್ಸಿನಲ್ಲಿ ತಂದೆಯ ಮಾತನ್ನು ನಂಬದೆ ಹೋದೆನೆಂಬ ಅಳುಕು ಸೇರಿಕೊಂಡಿತ್ತು. ಎಣ್ಣೆ ಹೆಚ್ಚಾದರೆ ಧೂಳು ಹೆಚ್ಚು ಸಿಕ್ಕೀತು, ಜೀಪಿಗೆ ಒಳ್ಳೆಯದೇ ಆದೀತು ಎಂದೆಣಿಸಿ ಉಳಿದುದನ್ನೂ ಸುರಿದನು. ಹಿಂದಿನ ಬಲಚಕ್ರವನ್ನು ಪಂಕ್ಚರಿಗೆಂದು ಕಳಚಿ, ಗಾಡಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದರು. ಅದು ಹಾಗೆಯೇ ಇರಲೆಂದು, ಎಲ್ಲವನ್ನೂ ಬಿಗಿದು ಇಂಜಿನನ್ನು ಹೊತ್ತಿಸಿದನು.

ಮೊದಲ ಅರ್ಧ ನಿಮಿಷ ಅದು ಸಂಗೀತದಂತೆ ನಡೆಯಿತು. ಮಗನು ಸಂತೋಷದಿಂದ ಕಾಲನ್ನು ಒಮ್ಮೆ ಒತ್ತಿ ಬಿಟ್ಟನು. ಕಾಲು ಬಿಟ್ಟರೂ ಇಂಜಿನಿನ ವೇಗ ಇಳಿಯಲಿಲ್ಲ, ಏರಿತು. ಮತ್ತೂ ಏರಿತು. ಸೈಲೆನ್ಸರಿನಿಂದ ಬಿಳಿಯೂ ನೀಲಿಯೂ ಆದ ಹೊಗೆ ಅಂಗಳವನ್ನೆಲ್ಲ ಮುಚ್ಚಿತು. ಮಗನು ಇಂಜಿನು ನಿಲ್ಲಿಸುವ ಗುಂಡಿಯನ್ನು ಎಳೆದನು. ಅದು ಡೀಸೆಲಿನ ದಾರಿಯನ್ನು ಮುಚ್ಚಿತು. ಇಂಜಿನು ಲಕ್ಷ್ಯ ಮಾಡಲಿಲ್ಲ. ಗೆರೆಯನ್ನು ಮೀರಿದ ಎಣ್ಣೆಯನ್ನು ಗಾಳಿಯೇ ಹೊತ್ತು ತಂದು ಒಳಗೆ ಸುರಿಯುತ್ತಿತ್ತು. ಡೀಸೆಲ್ ಇಂಜಿನಿಗೆ ಇಂಜಿನ್ ಆಯಿಲೂ ಅನ್ನವೇ. ಉಂಡಷ್ಟೂ ವೇಗ, ವೇಗವಾದಷ್ಟೂ ಹೆಚ್ಚು ಸೆಳೆತ, ಸೆಳೆತದಿಂದ ಮತ್ತಷ್ಟು ಎಣ್ಣೆ. ಇಂಥ ಸ್ಥಿತಿಯಲ್ಲಿ ಬಿಟ್ಟರೆ ಇಂಜಿನಿನ ರಾಡು ಮುರಿದು ಗೋಡೆಯನ್ನು ಸೀಳಿಕೊಂಡು ಹೊರಕ್ಕೆ ಬರುವುದುಂಟು; ಎದುರಿಗಿದ್ದವರ ಗತಿ ಹೇಳತಕ್ಕದ್ದಲ್ಲ. ಗೇರಿಗೆ ಹಾಕಿ ಬ್ರೇಕೊತ್ತಿ ಅದರ ಸೊಕ್ಕನ್ನು ಅಡಗಿಸುವ ಉಪಾಯವೊಂದು ಬೇರೆ ಗಾಡಿಗಾದರೆ ಒದಗುತ್ತಿತ್ತು. ಮೂರು ಚಕ್ರದ ಮೇಲೆ ಕಲ್ಲಿಗೆ ಒರಗಿದ ಜೀಪಿಗೆ ಅದೂ ಇಲ್ಲ. ಮಗನು ಕೆಳಕ್ಕೆ ಹಾರಿ, “ಅಪ್ಪಾ!” ಎಂದು ಕೂಗಿದನು.

ಆ ದನಿಯನ್ನು ಕೇಳುವುದಕ್ಕೆ ಮೊದಲೇ ತಾತನು ಎದ್ದಿದ್ದನು. ಇಂಜಿನಿನ ದನಿಯೇ ಅವನನ್ನು ಎಬ್ಬಿಸಿತ್ತು. ಎದುರಿಗಿದ್ದ ಅಲ್ಯೂಮಿನಿಯಂ ತ��್ಟೆಯಿಂದ ರೊಟ್ಟಿಯನ್ನೂ ಪಲ್ಯವನ್ನೂ ನೆಲಕ್ಕೆ ಕೊಡವಿ, ತಟ್ಟೆಯನ್ನು ಹಿಡಿದೇ ಓಡಿಬಂದನು. ಅರುವತ್ತೈದು ದಾಟಿದ, ನಾಲ್ಕು ಹೆಜ್ಜೆಗೆ ಕೆಮ್ಮುವ ಮನುಷ್ಯನು ಹಾಗೆ ಓಡಿದುದನ್ನು ಅವನ ಹೆಂಡತಿ ಮದುವೆಯಾದ ಮೇಲೆ ಕಂಡಿರಲಿಲ್ಲವಂತೆ. ಹೊಗೆಯೊಳಗೆ ನುಗ್ಗಿ, ರಬ್ಬರು ಕೊಳವೆಯನ್ನು ಒಂದೇ ಎಳೆತಕ್ಕೆ ಕಿತ್ತು, ಇಂಜಿನಿನ ತೆರೆದ ಬಾಯಿಯ ಮೇಲೆ ತಟ್ಟೆಯ ತಳವನ್ನು ಅಪ್ಪಳಿಸಿ ಒತ್ತಿ ಹಿಡಿದನು. ಅಂಗೈಯನ್ನಿಡಲಿಲ್ಲ, ಆ ಸೆಳೆತಕ್ಕೆ ಅಂಗೈ ಉಳಿಯದೆಂಬುದನ್ನು ಉಸ್ತಾದನು ಹೇಳಿದ್ದನು. ಬಟ್ಟೆಯನ್ನೂ ಇಡಲಿಲ್ಲ, ಬಟ್ಟೆಯನ್ನು ಅದು ನುಂಗಿಬಿಡುವುದು. ತಟ್ಟೆಯು ಕಚ್ಚಿಕೊಂಡಿತು. ಇಂಜಿನು ಒಮ್ಮೆ ನರಳಿತು, ಎರಡು ಸಲ ಮೈ ನಡುಗಿಸಿತು, ನಿಂತಿತು.

ಮುಂಜಾನೆಯಿಂದ ಯಾವ ದಾರಿಯನ್ನು ಬಿಡಿಸುವುದಕ್ಕಾಗಿ ಬೆವರು ಸುರಿಸಿದನೋ ಅದೇ ದಾರಿಯನ್ನು ಮುಚ್ಚಿ ತಾತನು ಬಹಳ ಹೊತ್ತು ಹಾಗೆಯೇ ಬಾಗಿ ನಿಂತಿದ್ದನು. ಆಮೇಲೆ ಬಂಪರಿನ ಮೇಲೆ ಕುಳಿತು ಕೆಮ್ಮತೊಡಗಿದನು. ಮಗನು ನೀರು ತಂದುಕೊಟ್ಟನು. ಗೆರೆಯ ಮಾತನ್ನು ತಂದೆ ಎತ್ತಲಿಲ್ಲ, ಮಗನೂ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗನೇ ಹೋಗಿ ಬಟ್ಟಲನ್ನು ಇಳಿಸಿ, ಹೆಚ್ಚಾದ ಎಣ್ಣೆಯನ್ನು ಡಬ್ಬಕ್ಕೆ ಬಸಿದು, ಜಾಳಿಗೆಯನ್ನೂ ಕೊಳವೆಯನ್ನೂ ಮತ್ತೊಮ್ಮೆ ಒರೆಸಿ, ಇಂಜಿನಿನ ಬಾಯೊಳಗೆ ಮಡುಗಟ್ಟಿದ್ದ ಎಣ್ಣೆಯನ್ನು ಚಿಂದಿಯಿಂದ ಹೀರಿ ತೆಗೆದನು. ಗೆರೆಯನ್ನು ತಾತನು ಬಂದು ನೋಡಬೇಕೆಂದು ಬಟ್ಟಲನ್ನು ಅವನ ಮುಂದಕ್ಕೆ ತಂದು ಹಿಡಿದನು. ತಾತನು ನೋಡಿ ತಲೆಯಾಡಿಸಿದನು. ಸಂಜೆ ಇಂಜಿನನ್ನು ಹೊತ್ತಿಸುವಾಗ ತಟ್ಟೆಯನ್ನು ಹಿಡಿದು ನಿಂತವನು ಮಗನೇ. ಅದರ ಅವಶ್ಯಕತೆ ಬೀಳಲಿಲ್ಲ.

ಮಂಗಳವಾರ ಗುಜರಿಯವನು ಬಂದಾಗ ಜೀಪು ಮನೆಯಲ್ಲಿರಲಿಲ್ಲ. ಕುಮಾರಸ್ವಾಮಿಯ ಬೆಟ್ಟವನ್ನು ಮೂರನೆಯ ಗೇರಿನಲ್ಲಿ ಏರಿ, ನಾಲ್ವರು ಯಾತ್ರಿಕರನ್ನು ಇಳಿಸಿ, ಅದು ಹಿಂದಿರುಗುವುದರೊಳಗೆ ಅವನು ಎರಡು ಸಲ ಚಹ ಕುಡಿದಿದ್ದನು. ಬರುವ ಗಾಡಿಯ ದನಿಯನ್ನು ಕೇಳಿ, ಬೆಲೆಯನ್ನು ಕೇಳದೆಯೇ ಎದ್ದುಹೋದನು. ಮಗನು ಮರುವರ್ಷ ಹೊಸಪೇಟೆಗೆ ಹೋಗಿಯೇ ಹೋದನು. ಆಟೋರಿಕ್ಷಾದ ಮುಂಗಡವನ್ನು ಜೀಪಿನ ಬಾಡಿಗೆಯೇ ಒದಗಿಸಿತು. ತಾತನು ಅವನನ್ನು ತಡೆಯಲಿಲ್ಲ.

ಆ ತಟ್ಟೆಯ ನಡುವೆ ಇಂಜಿನಿನ ಸೆಳೆತಕ್ಕೆ ಲಿಂಬೆಹಣ್ಣು ಕೂಡುವಷ್ಟು ತಗ್ಗು ಬಿದ್ದಿತು. ನೆಲದ ಮೇಲಿಟ್ಟರೆ ಅದು ಓಲಾಡುವುದು, ಬಡಿಸಿದ ಸಾರೆಲ್ಲ ನಡುವಿಗೇ ಹರಿದು ನಿಲ್ಲುವುದು. ಬೇರೆ ತಟ್ಟೆ ತೆಗೆದುಕೊಳ್ಳೆಂದು ಹೆಂಡತಿ ಎಷ್ಟು ಗೊಣಗಿದರೂ ತಾತನು ಅದರಲ್ಲಿಯೇ ಉಣ್ಣುತ್ತಿದ್ದನು.